ಒಂದು ಮಂತ್ರ, ಏಳು ಟೈಮರ್: ಮಡ್ಲೆಟ್ ಸ್ಕ್ರಿಪ್ಟ್ ಎಲ್ಲಿ ದಾರಿ ತಪ್ಪುತ್ತದೆ?

ಪ್ರಶ್ನೆ: ಅಣ್ಣಾ, ನಾನು ಸಿಂಧನೂರಿನವನು, ಬಿಎಸ್ಸಿ ಓದುತ್ತಿದ್ದೇನೆ. ಬರೀ ಅಕ್ಷರದಲ್ಲಿ ಆಡುವ ಮಡ್ ಆಟ ಶುರು ಮಾಡಿ ಮೂರು ತಿಂಗಳಾಯಿತು, ಅದಕ್ಕೆ ಮಡ್ಲೆಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಆಟ ಸರ್ಕಲ್‌ಮಡ್ ಅನ್ನುವ ಕೋಡ್ ಮೇಲೆ ಕಟ್ಟಿದ್ದು. ರಕ್ಷಣೆ ಕೊಡುವ ಸ್ಯಾಂಕ್ಚುಯರಿ ಮಂತ್ರ ತಾನಾಗೇ ಮತ್ತೆ ಮತ್ತೆ ಬೀಳಲಿ ಅಂತ 300 ಸೆಕೆಂಡಿನ ಟೈಮರ್ ಬರೆದೆ. ಮೊದಲು ಅದು ಕಾಯದೇ ತಕ್ಷಣ ಓಡುತ್ತಿತ್ತು, ಕಮಾಂಡಿನ ಸುತ್ತ ಕೋಟ್ ಗುರುತು ಹಾಕಿದ ಮೇಲೆ ಸರಿಯಾಯಿತು. ಈಗ ಶುರುವಿನಲ್ಲಿ ಚೆನ್ನಾಗಿರುತ್ತದೆ, ಒಂದು ಗಂಟೆಯಾದ ಮೇಲೆ ಒಂದೇ ಮಂತ್ರ ಆರೇಳು ಸಲ ಹೋಗುತ್ತದೆ. ಕೆಲವು ದಿನ ಉಲ್ಟಾ, ನಡುವೆಯೇ ನಿಂತುಬಿಡುತ್ತದೆ. ಕರೆಂಟ್ ಹೋಗಿ ಬಂದರಂತೂ ಲಾಗಿನ್ ಆಗೋಕೇ ಬಿಡಲ್ಲ, ಪಾಸ್‌ವರ್ಡ್ ತಪ್ಪು ಅಂತ ಹೊರಗೆ ಹಾಕುತ್ತದೆ. ಮಡ್ಲೆಟ್‌ನ ಟೈಮರೇ ಸರಿ ಇಲ್ಲವಾ?

ಉತ್ತರ: ತಮ್ಮಾ, ಟೈಮರ್ ಸರಿಯಾಗೇ ಇದೆ. ನೀನು ಹೇಳಿದ್ದನ್ನೇ ಮಾಡುತ್ತಿದೆ, ತೊಂದರೆ ಅದೇ. ಏಳು ಸಲ ಹೋಗೋದು, ನಿಂತು ಹೋಗೋದು, ಲಾಗಿನ್ ಕೆಡಿಸೋದು, ಮೂರಕ್ಕೂ ಬೇರು ಒಂದೇ. ಟೈಮರ್‌ಗೆ ಗಡಿಯಾರ ಬಿಟ್ಟರೆ ಬೇರೇನೂ ಗೊತ್ತಿಲ್ಲ. ನಿನ್ನ ಮಂತ್ರ ಫಲಿಸಿತಾ, ನೀನು ನಿದ್ದೆಯಲ್ಲಿದ್ದೀಯಾ, ಆಟದೊಳಗೆ ಇದ್ದೀಯಾ ಇಲ್ಲವಾ, ಯಾವುದೂ ಅದಕ್ಕೆ ಕಾಣಲ್ಲ. ಅದೆಲ್ಲ ತಿಳಿಯುವುದು ಪರದೆ ಮೇಲೆ ಬರುವ ಸಾಲುಗಳಿಂದ ಮಾತ್ರ, ಆ ಸಾಲುಗಳನ್ನು ಓದುವುದು ಟ್ರಿಗರ್ ಕೆಲಸ. ನೀನು ಟ್ರಿಗರ್ ಮಾಡಬೇಕಾದ ಕೆಲಸವನ್ನೂ ಟೈಮರ್ ತಲೆಗೆ ಕಟ್ಟಿದ್ದೀಯ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೆಂಪ್‌ಟೈಮರ್ (ಟೈಮರ್ ಹಚ್ಚುವುದು), ಕಿಲ್‌ಟೈಮರ್ (ಅದನ್ನು ಸಾಯಿಸುವುದು) ಅಂದಾಗ ಎಡಿಟರಿನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಬೇಕು, ನಡುವೆ ಜಾಗ ಬಿಡಬಾರದು, ಟೈಮರ್‌ನ ಟಿ ಒಂದು ಮಾತ್ರ ದೊಡ್ಡಕ್ಷರ. ಮಡ್ಲೆಟ್ ಸ್ಕ್ರಿಪ್ಟ್ ಬರೆಯುವ ಲುವಾ ಭಾಷೆಗೆ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಎಷ್ಟೋ ಜನ ಇಲ್ಲೇ ಅರ್ಧ ದಿನ ಕಳೆಯುತ್ತಾರೆ.

ಕೋಟ್ ಹಾಕಿದ ಮೇಲೆ ಸರಿಯಾಯಿತು ಅಂದೆಯಲ್ಲ, ಯಾಕೆ ಅಂತ ತಿಳಿದುಕೋ, ಇಲ್ಲದಿದ್ದರೆ ಮತ್ತೆ ಅದೇ ತಪ್ಪು ಮಾಡುತ್ತೀಯ. ಟೆಂಪ್‌ಟೈಮರ್‌ಗೆ ಎರಡು ಕೊಡಬೇಕು, ಎಷ್ಟು ಸೆಕೆಂಡ್ ಮತ್ತು ಆಮೇಲೆ ಏನು ಮಾಡಬೇಕು. ಎರಡನೇ ಜಾಗದಲ್ಲಿ ಸೆಂಡ್ (ಆಟಕ್ಕೆ ಕಮಾಂಡ್ ಕಳಿಸುವ ಫಂಕ್ಷನ್) ಅಂತ ಬರೆದು ಬ್ರಾಕೆಟ್ ತೆರೆದು ಕಮಾಂಡ್ ಹಾಕಿದರೆ, ಲುವಾ ಮೊದಲು ಆ ಸೆಂಡನ್ನು ಅಲ್ಲೇ ಓಡಿಸಿ, ಬಂದ ಉತ್ತರವನ್ನು ಟೈಮರ್ ಕೈಗೆ ಕೊಡುತ್ತದೆ. ಸಂಜೆ ಒಲೆ ಹಚ್ಚು ಅಂತ ಚೀಟಿ ಬರೆದು ಕೊಡುವ ಬದಲು ನೀನೇ ಈಗ ಒಲೆ ಹಚ್ಚಿ ಬೂದಿ ಕೊಟ್ಟ ಹಾಗೆ. ಕೋಟ್ ಹಾಕಿದರೆ ಅದು ಚೀಟಿ ಆಗುತ್ತದೆ. ಆದರೆ ಕೋಟಿನೊಳಗಿನ ಚೀಟಿಗೆ ನಿನ್ನ ಲೋಕಲ್ ವೇರಿಯಬಲ್‌ಗಳು (ಒಂದು ತುಂಡಿನೊಳಗೆ ಮಾತ್ರ ಇರುವವು) ಕಾಣಲ್ಲ, ಗ್ಲೋಬಲ್ (ಎಲ್ಲ ಕಡೆ ಸಿಗುವವು) ಮಾತ್ರ ಕಾಣುತ್ತವೆ. ಅದಕ್ಕೇ ನಾನು ಕೋಟ್ ಬಳಸಲ್ಲ. ಫಂಕ್ಷನ್ ಅಂತ ಶುರು ಮಾಡಿ ಎಂಡ್ ಅಂತ ಮುಗಿಸಿ, ಇಡೀ ತುಂಡನ್ನು ಎರಡನೇ ಜಾಗದಲ್ಲಿ ಇಡುತ್ತೇನೆ. ಬರೆಯೋದು ಸ್ವಲ್ಪ ಜಾಸ್ತಿ, ತಲೆನೋವು ಕಡಿಮೆ. ಇನ್ನೊಂದು, ಇಲ್ಲಿ ಲೆಕ್ಕ ಸೆಕೆಂಡಿನದು. ಜಾವಾಸ್ಕ್ರಿಪ್ಟ್ ಕಲಿತು ಬಂದವರು ಐದು ಸೆಕೆಂಡಿಗೆ 5000 ಅಂತ ಹಾಕಿ, ಟೈಮರ್ ಓಡಲೇ ಇಲ್ಲ ಅಂತ ಬೈಯುತ್ತಾರೆ. ಅದು ಓಡುತ್ತದೆ, 1 ಗಂಟೆ 23 ನಿಮಿಷ ಕಾದರೆ.

ಈಗ ಏಳು ಮಂತ್ರದ ಕಥೆಗೆ ಬರೋಣ.

ನಿನ್ನ ಸ್ಕ್ರಿಪ್ಟ್ ಹೀಗಿರಬೇಕು ಅಂತ ನನ್ನ ಅಂದಾಜು. ಮಂತ್ರ ಫಲಿಸಿದಾಗ ಬಿಳಿ ಪ್ರಭೆ ನಿನ್ನನ್ನು ಸುತ್ತುತ್ತದೆ ಅನ್ನುವ ಒಂದು ಸಾಲು ಬರುತ್ತದಲ್ಲ, ಅದಕ್ಕೆ ಟ್ರಿಗರ್ ಇಟ್ಟಿದ್ದೀಯ. ಆ ಟ್ರಿಗರ್ ಒಳಗೆ 300 ಸೆಕೆಂಡಿನ ಟೆಂಪ್‌ಟೈಮರ್, ಟೈಮರ್ ಮುಗಿದಾಗ ಮತ್ತೆ ಮಂತ್ರ. ಮಂತ್ರ ಫಲಿಸಿದರೆ ಮತ್ತೆ ಅದೇ ಸಾಲು, ಮತ್ತೆ ಟೈಮರ್. ಗಾಣದ ಎತ್ತಿನ ಹಾಗೆ ತಾನಾಗೇ ಸುತ್ತುತ್ತದೆ, ನೋಡೋಕೆ ಬಹಳ ಚೆಂದ.

ಸಂಜೆ 7ಕ್ಕೆ ಆಟ ಶುರು ಮಾಡಿದೆ ಅನ್ನು. 7ಕ್ಕೆ ಮಂತ್ರ ಹೇಳಿದೆ, ಒಂದು ಟೈಮರ್ ಹತ್ತಿತು, ಅದು 7:05ಕ್ಕೆ ಎದ್ದೇಳಬೇಕು. 7:02ಕ್ಕೆ ದೊಡ್ಡ ರಾಕ್ಷಸನ ಗುಹೆಗೆ ನುಗ್ಗುವ ಮುಂಚೆ, ಯಾಕೆ ಬೇಕು ರಿಸ್ಕು ಅಂತ ಕೈಯಿಂದಲೇ ಇನ್ನೊಂದು ಸಲ ಹೇಳಿದೆ. ಅದೇ ಸಾಲು ಬಂತು, ಎರಡನೇ ಟೈಮರ್ ಹತ್ತಿತು, ಅದು 7:07ಕ್ಕೆ. ಮೊದಲನೆಯದು ಸತ್ತಿಲ್ಲ, ಯಾರೂ ಸಾಯಿಸಿಲ್ಲ. ಇನ್ನು 7:05ರದ್ದು 7:10ಕ್ಕೆ ಮರಿ ಹಾಕುತ್ತದೆ, 7:07ರದ್ದು 7:12ಕ್ಕೆ. ನಡುವೆ ಗೆಳೆಯನೊಬ್ಬ ಬಂದು ನಿನ್ನ ಮೇಲೆ ತಾನೇ ಮಂತ್ರ ಹಾಕಿದರೂ ಅದೇ ಸಾಲು ಬರುತ್ತದೆ, ಮೂರನೇ ಸರಪಳಿ ಶುರು. ಒಂದು ಗಂಟೆಯಲ್ಲಿ ಆರು ಸಲ ಹೀಗಾದರೆ ಏಳು ಸರಪಳಿ, ಒಂದಕ್ಕೊಂದು ಸಂಬಂಧವಿಲ್ಲದೆ, ಎಲ್ಲವೂ ಅಜರಾಮರ. ಇದಕ್ಕೇ ಶುರುವಿನಲ್ಲಿ ಎಲ್ಲ ಸರಿ ಕಾಣುವುದು.

ಇನ್ನು ನಿಂತು ಹೋಗೋದು ಯಾಕೆ? ಅದೇ ಸ್ಕ್ರಿಪ್ಟು, ಅದೇ ತಪ್ಪು. ಸರ್ಕಲ್‌ಮಡ್‌ನಲ್ಲಿ ಮಂತ್ರ ಪ್ರತಿ ಸಲ ಫಲಿಸಬೇಕು ಅಂತ ಇಲ್ಲ. ನಿನ್ನ ಕಲಿಕೆ ನೂರಕ್ಕೆ ನೂರು ಇಲ್ಲದಿದ್ದರೆ ಕೆಲವು ಸಲ ಏಕಾಗ್ರತೆ ತಪ್ಪಿತು ಅನ್ನುವ ಸಾಲು ಬರುತ್ತದೆ, ಆ ಮಂತ್ರಕ್ಕೆ ಬೇಕಾದ ಮಾನದಲ್ಲಿ (ಮಾನ ಅಂದರೆ ಮಂತ್ರಕ್ಕೆ ಖರ್ಚಾಗುವ ಶಕ್ತಿ) ಅರ್ಧವೂ ಹೋಗುತ್ತದೆ. ಮಾನ ಸಾಲದಿದ್ದರೆ ಬೇರೆ ಸಾಲು, ನಿದ್ದೆಯಲ್ಲಿದ್ದರೆ ಕನಸು ಕಾಣ್ತಿದ್ದೀಯಾ ಅಂತ ಛೇಡಿಸುವ ಇನ್ನೊಂದು ಸಾಲು. ಇದ್ಯಾವುದರಲ್ಲೂ ಬಿಳಿ ಪ್ರಭೆ ಇಲ್ಲ. ಸಾಲು ಇಲ್ಲ ಅಂದರೆ ಟ್ರಿಗರ್ ಇಲ್ಲ, ಟ್ರಿಗರ್ ಇಲ್ಲ ಅಂದರೆ ಮುಂದಿನ ಟೈಮರ್ ಇಲ್ಲ. ಒಂದೇ ಸರಪಳಿ ಇದ್ದ ದಿನ ಒಂದು ಸೋಲಿಗೇ ಎಲ್ಲ ಬಂದ್. ಏಳು ಇದ್ದ ದಿನ ಒಂದೆರಡು ಸತ್ತರೂ ನಿನಗೆ ಗೊತ್ತಾಗಲ್ಲ. ನೀನು ಎರಡು ಬೇರೆ ಬೇರೆ ರೋಗ ಅಂತ ಬರೆದಿದ್ದೀಯಲ್ಲ, ಅಲ್ಲ, ಒಂದೇ ರೋಗ, ಮುಖ ಎರಡು.

ಏಳು ಸಲ ಹೋದರೆ ಏನು ನಷ್ಟ ಅಂತ ಕೇಳಬಹುದು. ಮಾನ ಖಾಲಿಯಾಗುವುದು ಒಂದು. ಈ ಆಟದಲ್ಲಿ ಒಂದು ಮಂತ್ರ ಹೇಳಿದ ಮೇಲೆ 2 ಸೆಕೆಂಡ್ ಸುಮ್ನೆ ನಿಲ್ಲಬೇಕು, ಆ ಹೊತ್ತಿನಲ್ಲಿ ಬಂದ ಕಮಾಂಡುಗಳು ಸರತಿಯಲ್ಲಿ ಕಾಯುತ್ತವೆ. ನಾಲ್ಕೈದು ಸರಪಳಿ ಹತ್ತಿರ ಹತ್ತಿರ ಬಂದು ಒಟ್ಟಿಗೇ ಎದ್ದರೆ, ನೀನು ಹೊಡೆದ "ಉತ್ತರಕ್ಕೆ ನಡೆ" ಅದರ ಹಿಂದೆ ಎಂಟು ಹತ್ತು ಸೆಕೆಂಡ್ ನಿಂತಿರುತ್ತದೆ. ರೇಷನ್ ಅಂಗಡಿ ಮುಂದೆ ಯಾರೋ ನಾಲ್ಕು ಚೀಲ ಇಟ್ಟು ಜಾಗ ಹಿಡಿದು ಹೋದ ಹಾಗೆ. ಆಟ ಲ್ಯಾಗ್ ಆಗುತ್ತಿದೆ ಅಂತ ನೀನು ನೆಟ್‌ವರ್ಕಿಗೆ ಬೈದಿರುತ್ತೀಯ.

ಇದರ ಔಷಧಿ ಚಿಕ್ಕದು. ಟೆಂಪ್‌ಟೈಮರ್ ಹಚ್ಚಿದಾಗಲೆಲ್ಲ ಅದು ಒಂದು ನಂಬರ್ ವಾಪಸ್ ಕೊಡುತ್ತದೆ, ಅದೇ ಆ ಟೈಮರಿನ ಐಡಿ. ನೀನು ಅದನ್ನು ಹಿಡಿದುಕೊಳ್ಳದೆ ಬಿಸಾಡುತ್ತಿದ್ದೀಯ. ಕವಚ ಅಂತ ಒಂದು ವೇರಿಯಬಲ್ ಮಾಡಿಕೋ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆ. ಟ್ರಿಗರಿನ ಮೊದಲ ಸಾಲು: ಕವಚದಲ್ಲಿ ಏನಾದರೂ ಇದ್ದರೆ ಕಿಲ್‌ಟೈಮರ್‌ಗೆ ಅದನ್ನು ಕೊಟ್ಟು ಸಾಯಿಸು. ಎರಡನೇ ಸಾಲು: ಹೊಸ ಟೆಂಪ್‌ಟೈಮರ್ ಹಚ್ಚಿ ಅದರ ಐಡಿಯನ್ನು ಕವಚಕ್ಕೆ ಹಾಕು. ಟೈಮರ್ ಓಡಿಸುವ ಫಂಕ್ಷನ್ ಒಳಗೆ ಮೊದಲ ಕೆಲಸ ಕವಚವನ್ನು ನಿಲ್ (ಖಾಲಿ) ಮಾಡೋದು, ಆಮೇಲೆ ಸೆಂಡ್. ಇಷ್ಟೇ. ಈಗ ನೀನು ಕೈಯಿಂದ ಹತ್ತು ಸಲ ಮಂತ್ರ ಹೇಳಿದರೂ ಹಳೆಯದು ಸತ್ತು ಹೊಸದು ಹುಟ್ಟುತ್ತದೆ, ಯಾವಾಗಲೂ ಒಂದೇ ಇರುತ್ತದೆ.

"ಇದ್ದರೆ" ಅನ್ನುವ ಪರೀಕ್ಷೆ ಬಿಡಬೇಡ. ಮೊದಲ ಸಲ ಕವಚ ಖಾಲಿ ಇರುತ್ತದೆ, ಖಾಲಿಯನ್ನು ಕಿಲ್‌ಟೈಮರ್‌ಗೆ ಕೊಟ್ಟರೆ ಅದು ಎರರ್ ಹೊಡೆದು ಅಲ್ಲೇ ನಿಲ್ಲುತ್ತದೆ, ಎರಡನೇ ಸಾಲಿಗೆ ಹೋಗೋದೇ ಇಲ್ಲ. ಮತ್ತೆ ಕವಚದ ಮುಂದೆ ಲೋಕಲ್ ಅಂತ ಬರೆಯಬೇಡ. ಲುವಾ ಕಲಿಸುವ ಎಲ್ಲರೂ ಲೋಕಲ್ ಬಳಸಿ ಅಂತ ಹೇಳುತ್ತಾರೆ, ಸರಿಯೇ, ಆದರೆ ಟ್ರಿಗರ್ ಒಳಗಿನ ಲೋಕಲ್ ಆ ಟ್ರಿಗರ್ ಮುಗಿದ ಕೂಡಲೇ ಮಾಯ. ಮುಂದಿನ ಸಲ ಕವಚ ಮತ್ತೆ ಖಾಲಿ, ಹಳೆ ಟೈಮರ್ ಮತ್ತೆ ಅನಾಥ. ನೋಡೋಕೆ ಸ್ಕ್ರಿಪ್ಟ್ ಪಕ್ಕಾ ಇರುತ್ತದೆ, ಓಡೋದು ಮಾತ್ರ ಹಳೇ ಥರಾನೇ.

ಇಷ್ಟು ಮಾಡಿದರೆ ಏಳು ಸಲ ಹೋಗೋದು ನಿಲ್ಲುತ್ತದೆ. ಆದರೆ ನಾನಾಗಿದ್ದರೆ 300 ಅನ್ನುವ ಲೆಕ್ಕವನ್ನೇ ನಂಬುತ್ತಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಇದು ನನಗೆ ಬಹಳ ಇಷ್ಟದ ಭಾಗ.

ಡಿಕುಮಡ್ ಅಂತ ಒಂದು ಆಟವನ್ನು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು ಕಟ್ಟಿದರು, ಅದರ ಕೋಡ್ ಮೇಲೆ ಎದ್ದದ್ದು ಸರ್ಕಲ್‌ಮಡ್. ಈ ವಂಶದ ಆಟಗಳಲ್ಲಿ ಆಟದೊಳಗಿನ ಒಂದು ಗಂಟೆ ಅಂದರೆ ನಮ್ಮ 75 ಸೆಕೆಂಡ್. ಅದನ್ನೇ ಟಿಕ್ ಅನ್ನುತ್ತಾರೆ. 24 ಟಿಕ್ ಆದರೆ ಆಟದಲ್ಲಿ ಒಂದು ದಿನ, ನಮ್ಮ ಲೆಕ್ಕದಲ್ಲಿ ಅರ್ಧ ಗಂಟೆ. ಮಂತ್ರದ ಆಯಸ್ಸು ಸೆಕೆಂಡಿನಲ್ಲಿ ಇಲ್ಲ, ಟಿಕ್‌ನಲ್ಲಿ ಇದೆ. ಮೂಲ ಕೋಡಿನಲ್ಲಿ ಸ್ಯಾಂಕ್ಚುಯರಿಗೆ 4 ಅಂತ ಬರೆದಿದೆ. 4 ಸಲ 75, 300, ಸರಿಯಾಯಿತಲ್ಲ ಅಂತ ನೀನೂ ಲೆಕ್ಕ ಹಾಕಿರುತ್ತೀಯ. ಆದರೆ ಕೋಡ್ ಪ್ರತಿ ಟಿಕ್‌ಗೆ ಒಂದೊಂದು ಕಳೆಯುತ್ತಾ ಸೊನ್ನೆಗೆ ತರುತ್ತದೆ, ಸೊನ್ನೆ ಆದ ಮೇಲಿನ ಮುಂದಿನ ಟಿಕ್‌ನಲ್ಲಿ ಮಂತ್ರ ತೆಗೆಯುತ್ತದೆ. ಅಂದರೆ ಐದನೇ ಟಿಕ್‌ಗೆ. ಟಿಕ್ ಬೀಳುವ ಒಂದು ಕ್ಷಣ ಮುಂಚೆ ಮಂತ್ರ ಹೇಳಿದರೆ ಆ ಟಿಕ್ ಸುಮ್ನೆ ಒಂದು ಕಳೆದುಬಿಡುತ್ತದೆ, ನಿನಗೆ ಸಿಗೋದು 300 ಸೆಕೆಂಡ್. ಟಿಕ್ ಬಿದ್ದ ಕೂಡಲೇ ಹೇಳಿದರೆ 375. ಒಂದೇ ಮಂತ್ರ, ಒಂದೇ ಮಾನ, ಒಂದೂಕಾಲು ನಿಮಿಷದ ವ್ಯತ್ಯಾಸ. ಇದರ ಮೇಲೆ, ಇರುವ ಮಂತ್ರದ ಮೇಲೆ ಮತ್ತೆ ಹೇಳಿದರೆ ಅವಧಿ ಕೂಡುತ್ತಾ ಹೋಗುತ್ತದೆ. ಇನ್ನು ನಿನ್ನ ಆಟದ ಅಡ್ಮಿನ್ ಈ ನಂಬರುಗಳನ್ನು ಬದಲಾಯಿಸಿದ್ದರೆ ಆ ಲೆಕ್ಕವೇ ಬೇರೆ.

ಹಾಗಾಗಿ ಗಡಿಯಾರ ಬಿಡು, ಆಟದ ಮಾತು ಕೇಳು. ಮಂತ್ರ ಇಳಿದಾಗ ಮೈಸುತ್ತಲಿನ ಬಿಳಿ ಪ್ರಭೆ ಮಾಸಿತು ಅನ್ನುವ ಸಾಲು ಬರುತ್ತದೆ. ಮತ್ತೆ ಹೇಳುವ ಕೆಲಸವನ್ನು ಆ ಸಾಲಿನ ಟ್ರಿಗರ್‌ಗೆ ಕೊಡು. ಟೈಮರ್‌ಗೆ ಉಳಿಯುವುದು ಎರಡೇ ಕೆಲಸ. ಒಂದು, ಫಲಿಸಿದ ಸಾಲು ಬಂದು 290 ಸೆಕೆಂಡ್ ಆದ ಮೇಲೆ ಎಕೋ ಮೂಲಕ ಪರದೆ ಮೇಲೆ "ಕವಚ ಇಳಿಯುವ ಹೊತ್ತು" ಅಂತ ತೋರಿಸೋದು, ಗುಹೆಗೆ ನುಗ್ಗಬೇಕಾ ಬೇಡವಾ ಅಂತ ನೀನು ನಿರ್ಧರಿಸೋಕೆ. ಎರಡು, ಏಕಾಗ್ರತೆ ತಪ್ಪಿದ ಸಾಲು ಬಂದರೆ 5 ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸೋದು. ಈ ಮರುಪ್ರಯತ್ನಕ್ಕೂ ಒಂದು ಐಡಿ ಬೇಕು, ಅದಕ್ಕೂ ಅದೇ ಸಾಯಿಸಿ ಹಚ್ಚುವ ಪದ್ಧತಿ. ಮಾನ ಸಾಲದು ಅಂತ ಬಂದಾಗ ಮಾತ್ರ ಮರುಪ್ರಯತ್ನ ಬೇಡ, ಐದು ಸೆಕೆಂಡಿನಲ್ಲಿ ಮಾನ ಎಲ್ಲಿಂದ ಬರುತ್ತೆ.

ಲಾಗಿನ್ ತೊಂದರೆಗೆ ಒಂದು ಊರ ಕಥೆ ಹೇಳುತ್ತೇನೆ. ನಮ್ಮೂರು ಕುಷ್ಟಗಿ ಕಡೆ, ಬೋರ್‌ವೆಲ್ ನಂಬಿದ ಹೊಲಗಳು. ತ್ರೀ ಫೇಸ್ ಯಾವಾಗ ಬರುತ್ತದೋ, ರಾತ್ರಿ ಎದ್ದು ಹೋಗೋದು ಯಾರು ಅಂತ ಎಲ್ಲರೂ ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟ್ ಬಂದ ಕೂಡಲೇ ಲೈನಿನ ಎಲ್ಲಾ ಮೋಟಾರುಗಳೂ ಒಂದೇ ಏಟಿಗೆ ಎದ್ದವು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು. ಟಿಸಿ ಬರುವವರೆಗೆ ಮೆಣಸಿನಗಿಡ ಬಾಡಿದ್ದು ಬೇರೆ ಮಾತು. ಆಮೇಲೆ ಒಬ್ಬೊಬ್ಬರು ಒಂದೊಂದು ನಿಮಿಷ ತಡ ಆಗಿ ಏಳುವ ಹಾಗೆ ಸ್ಟಾರ್ಟರಿನ ಟೈಮರ್ ತಿರುಗಿಸಿಟ್ಟರು. ಸ್ಟಾರ್ಟರ್‌ಗೆ ಕರೆಂಟ್ ಬಂತು ಅಂತ ಗೊತ್ತು, ಪಕ್ಕದವನೂ ಎದ್ದ ಅಂತ ಗೊತ್ತಿಲ್ಲ.

ನಿನ್ನ ಮಡ್ಲೆಟ್‌ಗೂ ಅಷ್ಟೇ. ರೂಟರ್ ಆಫ್ ಆದರೂ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿರುತ್ತದೆ, ಟೈಮರುಗಳೂ ಓಡುತ್ತಿರುತ್ತವೆ. ಮತ್ತೆ ಕನೆಕ್ಟ್ ಆದಾಗ ಸರ್ವರ್ ಕೇಳೋದು ಏನು? ಹೆಸರು. ಆಮೇಲೆ ಪಾಸ್‌ವರ್ಡ್. ಸರಿಯಾಗಿ ಅದೇ ಹೊತ್ತಿಗೆ ಒಂದು ಟೈಮರ್ ಎದ್ದು ಸ್ಯಾಂಕ್ಚುಯರಿ ಮಂತ್ರದ ಕಮಾಂಡ್ ಕಳಿಸುತ್ತದೆ, ಸರ್ವರ್ ಅದನ್ನೇ ನಿನ್ನ ಪಾಸ್‌ವರ್ಡ್ ಅಂದುಕೊಳ್ಳುತ್ತದೆ. ಸರ್ಕಲ್‌ಮಡ್‌ನಲ್ಲಿ ಮೂರು ಸಲ ತಪ್ಪಿದರೆ ಲೈನ್ ಕಟ್. ಏಳು ಟೈಮರ್ ಇದ್ದವನಿಗೆ ಮೂರು ಯಾವ ಲೆಕ್ಕ?

ಮಡ್ಲೆಟ್‌ನಲ್ಲಿ ಸಂಪರ್ಕ ಕಡಿದಾಗ ಒಂದು ಈವೆಂಟ್, ಅಂದರೆ ಹೀಗಾಯಿತು ಅನ್ನುವ ಸೂಚನೆ, ಏಳುತ್ತದೆ, ಅದರ ಹೆಸರು ಸಿಸ್‌ಡಿಸ್‌ಕನೆಕ್ಷನ್‌ಈವೆಂಟ್. ರಿಜಿಸ್ಟರ್‌ಅನಾನಿಮಸ್‌ಈವೆಂಟ್‌ಹ್ಯಾಂಡ್ಲರ್ ಅನ್ನುವ ಉದ್ದ ಹೆಸರಿನ ಫಂಕ್ಷನ್ ಬಳಸಿ, ಆ ಈವೆಂಟ್ ಬಂದಾಗ ಕವಚವನ್ನೂ ಮರುಪ್ರಯತ್ನದ ಟೈಮರನ್ನೂ ಸಾಯಿಸಿ ನಿಲ್ ಮಾಡುವ ಹಾಗೆ ಬರೆ. ಮತ್ತೆ ಶುರು ಮಾಡೋದು ಕನೆಕ್ಟ್ ಆದಾಗ ಅಲ್ಲ, ಆಟದ ಒಳಗೆ ಬಂದಾಗ. ಎರಡರ ನಡುವೆಯೇ ಆ ಪಾಸ್‌ವರ್ಡ್ ಪ್ರಶ್ನೆ ಇರೋದು. ಒಳಗೆ ಬಂದ ಮೇಲೆ ಮಾತ್ರ ಕಾಣುವ ಒಂದು ಸಾಲು ಎಲ್ಲಾ ಆಟದಲ್ಲೂ ಇರುತ್ತದೆ, ಸ್ವಾಗತದ ಸಾಲು ಅಥವಾ ನಿನ್ನ ಪ್ರಾಂಪ್ಟ್ (ಕಮಾಂಡಿಗೆ ಕಾಯುತ್ತಾ ಆಟ ತೋರಿಸುವ ಸಾಲು), ಅದಕ್ಕೆ ಟ್ರಿಗರ್ ಕಟ್ಟು.

ಈ ಹ್ಯಾಂಡ್ಲರ್ (ಈವೆಂಟ್ ಬಂದಾಗ ಓಡುವ ಕೋಡ್) ಬರೆಯುವಾಗ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಮಡ್ಲೆಟ್ ಎಡಿಟರಿನ ಸ್ಕ್ರಿಪ್ಟ್ಸ್ ಭಾಗದಲ್ಲಿ ಬರೆದ ಕೋಡ್ ಪ್ರತಿ ಸಲ ಸೇವ್ ಒತ್ತಿದಾಗ ಮತ್ತೆ ಓಡುತ್ತದೆ. ಅಲ್ಲಿ ಹ್ಯಾಂಡ್ಲರ್ ರಿಜಿಸ್ಟರ್ ಮಾಡಿದ್ದರೆ ಸೇವ್‌ಗೊಂದು ಹೊಸ ಹ್ಯಾಂಡ್ಲರ್. ಟೆಂಪ್‌ಟೈಮರಿನ ಮೂರನೇ ಜಾಗದಲ್ಲಿ ಟ್ರೂ ಕೊಟ್ಟು ಸದಾ ಸುತ್ತುವ ಟೈಮರ್ ಮಾಡಿದ್ದರೆ ಸೇವ್‌ಗೊಂದು ಹೊಸ ಟೈಮರ್. ನನಗೆ ಎರಡಕ್ಷರ ಬರೆದು ಕಂಟ್ರೋಲ್ ಎಸ್ ಒತ್ತುವ ಚಟ. ಒಂದು ಭಾನುವಾರ ಬೆಳಿಗ್ಗೆ ಒಗ್ಗರಣೆ, ಮಿರ್ಚಿ ಪಕ್ಕಕ್ಕಿಟ್ಟುಕೊಂಡು ಒಂದು ಹಸಿವಿನ ಟೈಮರ್ ತಿದ್ದುತ್ತಾ ಕೂತಿದ್ದೆ, ಪ್ರತಿ ನಿಮಿಷ ರೊಟ್ಟಿ ತಿನ್ನು ಅನ್ನುವ ಸಾದಾ ಟೈಮರ್. ಹನ್ನೊಂದು ಗಂಟೆಗೆ ನನ್ನ ಪಾತ್ರ ಚೀಲದ ರೊಟ್ಟಿ ಎಲ್ಲ ಮುಗಿಸಿ, ಹೊಟ್ಟೆ ತುಂಬಿದೆ ಅನ್ನುವ ಸಾಲನ್ನು ಪರದೆ ತುಂಬ ಸುರಿಸುತ್ತಿತ್ತು. ಎಣಿಸಿದರೆ ಮೂವತ್ತಕ್ಕೂ ಜಾಸ್ತಿ ಟೈಮರ್. ಕೋಡ್ ಮಾತ್ರ ಐದೇ ಸಾಲು, ಅದರಲ್ಲಿ ಒಂದೂ ತಪ್ಪಿಲ್ಲ! ಹ್ಯಾಂಡ್ಲರ್‌ಗೂ ಐಡಿ ಬರುತ್ತದೆ, ಅದನ್ನೂ ಹಿಡಿದಿಟ್ಟು, ಹೊಸದಕ್ಕೆ ಮುಂಚೆ ಹಳೆಯದನ್ನು ಕಿಲ್‌ಅನಾನಿಮಸ್‌ಈವೆಂಟ್‌ಹ್ಯಾಂಡ್ಲರ್‌ನಿಂದ ತೆಗೆ.

ಟ್ರಿಗರ್ ಒಳಗೆ ಶಾಶ್ವತ ಟೈಮರ್ ಮಾಡುವ ಪರ್ಮ್‌ಟೈಮರ್ ಬಳಸುವ ಆಸೆ ಬಂದರೆ ತಡೆದುಕೋ. ಅದು ಮಡ್ಲೆಟ್ ಮುಚ್ಚಿದರೂ ಉಳಿಯುತ್ತದೆ, ಒಂದೇ ಹೆಸರಿನವು ಎಡಿಟರ್ ತುಂಬ ಸಾಲಾಗಿ ನಿಲ್ಲುತ್ತವೆ, ಕಿಲ್‌ಟೈಮರ್‌ಗೂ ಬಗ್ಗಲ್ಲ, ಎನೇಬಲ್‌ಟೈಮರ್ ಹೇಳದೆ ಓಡುವುದೂ ಇಲ್ಲ. ಎಡಿಟರಿನಲ್ಲಿ ಕೈಯಿಂದ ಮಾಡಿದ ಟೈಮರ್ ಓಡುತ್ತಿಲ್ಲ ಅಂತಾದರೆ ಅದು ಕೂತಿರುವ ಗುಂಪು ಆನ್ ಇದೆಯಾ ನೋಡು, ಮೇಲಿನ ಗುಂಪು ಆಫ್ ಇದ್ದರೆ ಒಳಗಿನದು ಏಳಲ್ಲ.

ಇನ್ನೊಂದು ಚಟ ಬಿಡಬೇಕು. ಕಾಯಿಸೋಕೆ ಅಂತ ವೈಲ್ ಲೂಪ್ ಹಾಕಿ ಗಡಿಯಾರ ನೋಡುತ್ತಾ ಕೂರಿಸಬೇಡ. ಅಷ್ಟೂ ಹೊತ್ತು ಮಡ್ಲೆಟ್ ಪೂರ್ತಿ ಹೆಪ್ಪುಗಟ್ಟುತ್ತದೆ, ಸಾಲೂ ಬರಲ್ಲ, ಟೈಪ್ ಮಾಡೋಕೂ ಆಗಲ್ಲ.

ತಿದ್ದಿದ ಮೇಲೆ ಸರಿಯಾಯಿತಾ ಅಂತ ತಿಳಿಯೋಕೆ ಒಂದು ಗಂಟೆ ಕಾಯಬೇಡ. 300 ಅನ್ನು 10 ಮಾಡು, ಸೆಂಡ್ ಇರುವ ಕಡೆ ಎಕೋ ಹಾಕು, ಎಕೋದಲ್ಲಿ ಗೆಟ್‌ಈಪಾಕ್ ಕೊಡುವ ಈಗಿನ ಹೊತ್ತನ್ನು ಅಚ್ಚು ಹಾಕಿಸು. ಆಗ ನಿಜವಾದ ಕಮಾಂಡ್ ಒಂದೂ ಹೋಗಲ್ಲ, ಎಷ್ಟು ಟೈಮರ್ ಏಳುತ್ತಿವೆ ಅಂತ ಕಣ್ಣಿಗೇ ಕಾಣುತ್ತದೆ. ಉಳಿದ ಸಮಯ ನೋಡಬೇಕಂದರೆ, ಆಟದ ಕಮಾಂಡ್ ಜಾಗದಲ್ಲೇ ಲುವಾ ಅಂತ ಹೊಡೆದು ಜಾಗ ಬಿಟ್ಟು ರಿಮೇನಿಂಗ್‌ಟೈಮ್‌ಗೆ ಕವಚ ಕೊಟ್ಟರೆ ಸೆಕೆಂಡ್ ತೋರಿಸುತ್ತದೆ. ಎಡಿಟರಿನ ಎರರ್ಸ್ ಕಿಟಕಿಯನ್ನು ಸದಾ ತೆರೆದಿಡು. ಬಹಳ ಜನ ಅದನ್ನು ತೆರೆಯದೇ ತಿಂಗಳುಗಟ್ಟಲೆ ಆಡುತ್ತಾರೆ, ಒಳಗೆ ಕೆಂಪಗೆ ನೂರಾರು ಸಾಲು ಬಿದ್ದಿರುತ್ತವೆ.

ನಾಳೆ ಮೊಬೈಲಿನಲ್ಲಿ ಟಿನ್‌ಟಿನ್ ಅನ್ನುವ ಇನ್ನೊಂದು ಮಡ್ ಸಾಫ್ಟ್‌ವೇರ್ ಹಾಕಿಕೊಂಡರೆ ಅಲ್ಲಿ ಈ ಕಷ್ಟ ಕಡಿಮೆ. ಅದರ ಟಿಕರ್‌ಗೆ (ಅಲ್ಲಿನ ಟೈಮರ್) ಹೆಸರು ಕೊಡಲೇಬೇಕು, ಅದೇ ಹೆಸರಲ್ಲಿ ಇನ್ನೊಂದು ಹಚ್ಚಿದರೆ ಹಳೆಯದು ತಾನಾಗೇ ಹೋಗುತ್ತದೆ.

ಹಾಂ, ನಿನ್ನ ಆಟದ ನಿಯಮದಲ್ಲಿ ಬಾಟ್ (ತಾನಾಗೇ ಆಡುವ ಸ್ಕ್ರಿಪ್ಟ್) ಬಗ್ಗೆ ಏನಿದೆ ಓದಿಕೋ. ಕವಚ ಮತ್ತೆ ಹಾಕಿಕೊಳ್ಳುವ ಟ್ರಿಗರ್‌ಗೆ ಸಾಮಾನ್ಯವಾಗಿ ಯಾರೂ ಏನೂ ಅನ್ನಲ್ಲ, ನೀನು ಊಟಕ್ಕೆ ಹೋದಾಗ ಪಾತ್ರ ತಾನೇ ರಾಕ್ಷಸರನ್ನು ಹೊಡೆಯುತ್ತಿದ್ದರೆ ಬಹಳಷ್ಟು ಕಡೆ ಬ್ಯಾನ್ ಮಾಡುತ್ತಾರೆ.

ಮೊದಲು ಕವಚದ ಎರಡು ಸಾಲು ಹಾಕಿ, 10 ಸೆಕೆಂಡಿಗೆ ಇಳಿಸಿ, ಕೈಯಿಂದ ಬೇಗ ಬೇಗ ಮೂರು ಸಲ ಮಂತ್ರ ಹೇಳಿ ನೋಡು. ಹತ್ತು ಸೆಕೆಂಡ್ ಆದ ಮೇಲೆ ಎಕೋ ಒಂದೇ ಸಾಲು ಬರಬೇಕು. ಮೂರು ಬಂದರೆ ಎಲ್ಲೋ ಒಂದು ಲೋಕಲ್ ಉಳಿದಿದೆ, ಒಂದೂ ಬರದಿದ್ದರೆ ಎರರ್ಸ್ ಕಿಟಕಿಯ ಕೊನೆ ಸಾಲನ್ನು ನನಗೆ ಕಳಿಸು.